ದೆವ್ವದ ಮನೆಯ ಇಸ್ತ್ರಿಯವಳು

ದೆವ್ವದ ಸಿನಿಮಾವನ್ನು ನಾನು ಅರ್ಧ ಮಾತ್ರ ನೋಡುವವನು; ಉಳಿದರ್ಧವನ್ನು ನನ್ನ ಬೆರಳುಗಳೇ ನೋಡುತ್ತವೆ. ಹೋಟೆಲಿನ ಲಾಂಡ್ರಿಯಲ್ಲಿ ಕೊಳೆ ಬೆಡ್‌ಶೀಟುಗಳನ್ನು ಮೆಷಿನ್ನಿಗೆ ತುಂಬುವ ನನಗೆ ಟಿಕೆಟ್ ಕೊಂಡು ಹೆದರುವ ಅಗತ್ಯವೂ ಇಲ್ಲ, ಸೂಪರ್‌ವೈಸರ್ ಪುಕ್ಕಟೆಯಾಗಿ ಹೆದರಿಸುತ್ತಾನೆ. ಆದರೂ ಇಸ್ತ್ರಿ ಅಕ್ಕ ಕರೆದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ.

ಇಸ್ತ್ರಿ ಅಕ್ಕ ಎಂದರೆ ನಮ್ಮ ನೆಲಮಾಳಿಗೆಯಲ್ಲಿ ನನ್ನ ಮೆಷಿನ್ನಿನ ಪಕ್ಕದ ಮೇಜಿನವರು. ದಿನವಿಡೀ ದಿಂಬಿನ ಕವರು, ವೇಟರುಗಳ ಅಂಗಿ. ಮೊದಲೆಲ್ಲ ಕಾಲರ್ ನೋಡಿಯೇ, "ಇವನು ಹೆಂಡತಿ ಹತ್ರ ಬೈಸ್ಕೊಂಡು ಬಂದಿದಾನೆ" ಎಂದು ನಗಿಸುತ್ತಿದ್ದರು. ಅವರ ಗಂಡ, ನನ್ನ ಬಾಯಲ್ಲಿ ಭಾವ, ತೀರಿಕೊಂಡ ಮೇಲೆ ಅದು ನಿಂತಿತು. ಅಕ್ಕ ಅತ್ತದ್ದನ್ನು ಯಾರೂ ನೋಡಲಿಲ್ಲ. ಕೆಲಸಕ್ಕೆ ಬಂದರು, ಇಸ್ತ್ರಿ ಕಾಯಿಸಿದರು, ಅಷ್ಟೇ. ಬೆರಳಿಗೆ ಬಿಸಿ ತಾಗಿದರೂ ಸುಮ್ಮನೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಒಂದು ದಿನ ಅವರೇ ಕೇಳಿದರು.

"ಆ ದೆವ್ವದ ಮನೆ ಕಾದಂಬರಿ ಸಿನಿಮಾ ಆಗಿದೆಯಂತಲ್ಲೋ. ಕರ್ಕೊಂಡು ಹೋಗು."

"ಈಗ್ಯಾಕಕ್ಕ ಅದು? ಪಕ್ಕದಲ್ಲೇ ನಗೋ ಸಿನಿಮಾ ಇದೆ."

"ನಕ್ಕು ಏನು ಮಾಡ್ಲಿ? ನಂಗೆ ಆ ಹೆಂಗಸಿಗೆ ಏನಾಯ್ತು ಅಂತ ಗೊತ್ತಾಗ್ಬೇಕು."

ಯಾವ ಹೆಂಗಸು ಎಂಬುದು ಥಿಯೇಟರಿನ ದಾರಿಯಲ್ಲಿ ತಿಳಿಯಿತು. ಭಾನುವಾರ ಅಕ್ಕ ಮನೆಯಲ್ಲೂ ಬೀದಿಯವರ ಬಟ್ಟೆ ಇಸ್ತ್ರಿ ಮಾಡುತ್ತಾರೆ. ಇಸ್ತ್ರಿ ಹಿಡಿದ ಕೈಯಲ್ಲಿ ಪುಸ್ತಕ ಹಿಡಿಯಲಾಗದು. ಅದಕ್ಕೆ ಭಾವ ಮಂಚದ ಮೇಲೆ ಕೂತು ಗಟ್ಟಿಯಾಗಿ ಓದುತ್ತಿದ್ದರು. ಆ ಕಾದಂಬರಿಯಲ್ಲಿ ಒಂದು ದೊಡ್ಡ ಮನೆ, ಒಂದು ದೆವ್ವ, ಅದರ ಬಾಯಿಗೆ ಬೀಳುವ ಕುಟುಂಬ. ಜೊತೆಗೆ ಮಹಡಿಯ ಕೋಣೆಯಲ್ಲಿ ಒಬ್ಬ ಇಸ್ತ್ರಿಯವಳು. ಮನೆಯವರೆಲ್ಲ ಕಿರುಚಿಕೊಂಡು ಓಡುವಾಗ ಅವಳು ಮಾತ್ರ ದೆವ್ವಕ್ಕೆ, "ಪಕ್ಕಕ್ಕೆ ಸರಿ, ಇಸ್ತ್ರಿ ಕೆಡುತ್ತೆ" ಅನ್ನುತ್ತಿದ್ದಳಂತೆ. ಕೊನೆಯ ಅಧ್ಯಾಯಗಳು ಬಾಕಿ ಇರುವಾಗಲೇ ಭಾವ ಹೋದರು. ಲೈಬ್ರರಿ ಪುಸ್ತಕ, ಸಾವಿನ ಮನೆಯ ಗಡಿಬಿಡಿಯಲ್ಲಿ ಯಾರೋ ವಾಪಸು ಕೊಟ್ಟುಬಿಟ್ಟರು.

ಥಿಯೇಟರಿನಲ್ಲಿ ಜನ ಕಿರುಚಿದರು. ನಾನು ಜನರಿಗಿಂತ ಮುಂಚೆಯೇ ಕಿರುಚಿ, ಮುಂದಿನ ಸಾಲಿನ ತಾತನಿಂದ "ಇನ್ನೂ ಏನೂ ಬಂದಿಲ್ಲ ಕಣಪ್ಪ" ಅನ್ನಿಸಿಕೊಂಡೆ. ಅಕ್ಕ ಬಸ್ಸು ಕಾಯುವವರ ಹಾಗೆ ಕೂತಿದ್ದರು. ಗೋಡೆಯಿಂದ ರಕ್ತ ಇಳಿದರೂ ರೆಪ್ಪೆ ಬಡಿಯಲಿಲ್ಲ. ಮಹಡಿಯ ಮೆಟ್ಟಿಲು ಕಂಡಾಗಲೆಲ್ಲ ಕತ್ತು ಮಾತ್ರ ಮುಂದಕ್ಕೆ ಚಾಚುತ್ತಿತ್ತು.

ಇಂಟರ್‌ವಲ್ಲಿನಲ್ಲಿ ನಾನೇ ನೋಡಿದೆ ಅವರ ಕಡೆ.

"ಬರ್ತಾಳೆ ಬಿಡು," ಅಂದರು.

ಸಿನಿಮಾ ಮುಗಿಯಿತು. ಪರದೆಯ ಮೇಲೆ ಹೆಸರುಗಳು ಓಡಿ ಮುಗಿಯುವವರೆಗೂ ಅಕ್ಕ ಏಳಲಿಲ್ಲ. ಕಸ ಗುಡಿಸುವವನು ನಮ್ಮ ಕಾಲ ಬುಡಕ್ಕೇ ಬಂದ.

"ಬರ್ಲೇ ಇಲ್ಲವಲ್ಲೋ."

"ಸಿನಿಮಾದವರು ಹೀಗೇ ಅಕ್ಕ, ಕತ್ತರಿ ಹಾಕ್ತಾರೆ. ಪುಸ್ತಕದಲ್ಲಿ ಇರುತ್ತೆ. ನಾನು ಓದಿ ಹೇಳ್ತೀನಿ."

ಮಹಾ ಓದುಗ ನಾನು. ಸೋಪಿನ ಪುಡಿ ಡಬ್ಬಿಯ ಮೇಲಿನ ಎಚ್ಚರಿಕೆಯನ್ನೂ ಪೂರ್ತಿ ಓದಿದವನಲ್ಲ.

ಆದರೂ ಲೈಬ್ರರಿಯಿಂದ ತಂದು ಓದಿದೆ. ಹಗಲಲ್ಲಿ, ಬಸ್ಸಿನಲ್ಲಿ, ಜನರ ಮಧ್ಯೆ. ಮನೆ ಇತ್ತು, ದೆವ್ವ ಇತ್ತು, ಮಹಡಿಯೂ ಇತ್ತು. ಇಸ್ತ್ರಿಯವಳು ಇರಲಿಲ್ಲ. ಪುಟ ಹಾರಿಸಿದೆನೇನೋ ಎಂದು ಮತ್ತೆ ಮೊದಲಿನಿಂದ ಹುಡುಕಿದೆ. ಆ ಕಾದಂಬರಿಯಲ್ಲಿ ಯಾರೂ ಒಂದು ಅಂಗಿಯನ್ನಾದರೂ ಇಸ್ತ್ರಿ ಮಾಡುವುದಿಲ್ಲ.

ಬಸ್ಸಿನಿಂದ ಇಳಿದು ನೆಲಮಾಳಿಗೆಗೆ ಬರುವವರೆಗೆ ಏನಾದರೊಂದು ಸುಳ್ಳು ಹೆಣೆಯಲು ನೋಡಿದೆ. ರಜೆ ಕೇಳುವಾಗ ಸರಾಗವಾಗಿ ಬರುವ ಸುಳ್ಳು ಅವತ್ತು ಬರಲಿಲ್ಲ.

"ಪುಸ್ತಕದಲ್ಲೂ ಇಲ್ಲ ಅಕ್ಕ. ಭಾವನೇ ಸೇರಿಸಿ ಓದ್ತಿದ್ರು ಅನ್ಸುತ್ತೆ. ನಿಮಗೋಸ್ಕರ."

ಅಕ್ಕ ಇಸ್ತ್ರಿ ಎತ್ತಿ ನಿಲ್ಲಿಸಿದರು. ನನ್ನ ಮೆಷಿನ್ನು ನೀರು ಬಸಿದು ಮುಗಿಸಿತು.

"ಹಾಗಾದ್ರೆ ಅವಳಿಗೆ ಏನಾಯ್ತು ಅಂತ ಅವರೊಬ್ಬರಿಗೇ ಗೊತ್ತಿತ್ತು."

"ಹೂಂ."

ನಾನು ಮೆಷಿನ್ನಿನ ಬಾಗಿಲು ತೆಗೆದೆ. "ಕೆಲಸ ಬಿಟ್ಟು ಹೋಗಿರ್ತಾಳೆ ಅಕ್ಕ, ದೆವ್ವದ ಮನೇಲಿ ಯಾರಿರ್ತಾರೆ," ಅಂದೆ.

"ಹೋದ್ರೆ ಅಷ್ಟು ದೊಡ್ಡ ಮನೆ ಬಟ್ಟೆ ಯಾರು ನೋಡ್ತಾರೆ? ನಿಮ್ಮಪ್ಪನಾ?" ದನಿಯಲ್ಲಿ ಸಿಟ್ಟೂ ಇರಲಿಲ್ಲ, ನಗುವೂ ಇರಲಿಲ್ಲ. "ಇರ್ತಾಳೆ. ಅಲ್ಲೇ ಇರ್ತಾಳೆ."

ರಾಶಿಯಿಂದ ಇನ್ನೊಂದು ಅಂಗಿ ಎಳೆದು, ತೋಳನ್ನು ಅಂಗೈಯಿಂದ ಸವರಿ ಮೇಜಿನ ಮೇಲೆ ಹರಡಿದರು.