ಗಂಧ ಹಚ್ಚಿದ ಹಾರ್ಡ್ ಡಿಸ್ಕ್

ನಮ್ಮ ಮನೆಯ ಬೀರುವಿನಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಯ ವಾಸನೆ ಕುಡಿಯುತ್ತಾ ಒಂದು ಹಾರ್ಡ್ ಡಿಸ್ಕ್ ಮಲಗಿರುತ್ತಿತ್ತು. ಅಂಗೈಯಗಲದ ಆ ಕರಿ ಡಬ್ಬಿಯಲ್ಲಿ ನಮ್ಮ ಸಂಸಾರದ ಫೋಟೊಗಳೆಲ್ಲ ಇದ್ದವು: ನಾಮಕರಣ, ಗೃಹಪ್ರವೇಶ, ಕಪಿಲೆಯ ದಡದಲ್ಲಿ ಕ್ಲಿಕ್ಕಿನ ಕ್ಷಣಕ್ಕೆ ಸರಿಯಾಗಿ ಕಣ್ಣು ಮುಚ್ಚಿದ ನೆಂಟರು, ಮತ್ತು ಮೂರು ವರ್ಷದ ಹಿಂದೆ ತೀರಿಕೊಂಡ ನಮ್ಮವ್ವ. ಫೋಟೊ ಎಂದರೆ ಸೆರಗು ಅಡ್ಡ ಹಿಡಿಯುತ್ತಿದ್ದ ಅವ್ವ ಬಾಯ್ತುಂಬ ಎಲೆಯಡಿಕೆ ಇಟ್ಟುಕೊಂಡು ನಕ್ಕದ್ದು ಒಂದೇ ಒಂದು ಚಿತ್ರದಲ್ಲಿ. ಅದನ್ನು ತೆಗೆದು ನನ್ನ ಫೋನಿಗೆ ಕಳಿಸಿದವಳು ಸೋಸಲೆಯಲ್ಲಿರುವ ನನ್ನ ತಂಗಿ. ಅವಳ ಆ ಫೋನು ಎಂದೋ ಕಾಲುವೆಗೆ ಬಿದ್ದಿತ್ತು.

ಭದ್ರತೆಯ ವಿಷಯದಲ್ಲಿ ನಾನು ಯಾರಿಗೂ ಕಡಿಮೆಯವನಲ್ಲ, ಮಿತ್ರರೇ. ಫೋನಿನಲ್ಲಿದ್ದುದನ್ನು ಲ್ಯಾಪ್‌ಟಾಪಿಗೆ ಹಾಕಿ ಫೋನಿನಲ್ಲಿ ಅಳಿಸಿದೆ. ಲ್ಯಾಪ್‌ಟಾಪಿನಿಂದ ಡಿಸ್ಕಿಗೆ ಹಾಕಿ ಲ್ಯಾಪ್‌ಟಾಪಿನಲ್ಲಿ ಅಳಿಸಿದೆ. ಪ್ರತಿಸಲವೂ ಒಂದು ಪ್ರತಿ ಹೆಚ್ಚಿತೆಂದು ಹಿಗ್ಗಿದೆ.

ತಾಂಡ್ಯದ ಕಾರ್ಖಾನೆಯಲ್ಲಿ ವರ್ಷವರ್ಷವೂ ಲೇತ್ ಯಂತ್ರಕ್ಕೆ ಪೂಜೆ ಮಾಡಿದ ಕೈ ನನ್ನದು. ಹೋದ ಆಯುಧಪೂಜೆಗೆ ಸ್ಕೂಟರು, ಮಿಕ್ಸಿ, ಈಳಿಗೆಮಣೆಗಳ ಸಾಲಿನಲ್ಲಿ ಡಿಸ್ಕನ್ನೂ ಕೂರಿಸಿದೆ. ವಿಭೂತಿ ಎಳೆದು, ಗಂಧ ಹಚ್ಚಿ, ತೀರ್ಥ ಚಿಮುಕಿಸಿ, ಮಂಗಳಾರತಿಯಾದ ಮೇಲೆ ಯಂತ್ರವನ್ನು ಒಮ್ಮೆ ಚಾಲೂ ಮಾಡಬೇಕೆಂಬ ಕಾರ್ಖಾನೆಯ ಪದ್ಧತಿಯಂತೆ ಹಸಿಯಾಗಿರುವಾಗಲೇ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಅದು ಟಿಕ್ ಎಂದಿತು, ಆಮೇಲೆ ಏನೂ ಅನ್ನಲಿಲ್ಲ.

ನಂಜನಗೂಡಿನ ರಿಪೇರಿ ಅಂಗಡಿಯವನು ಅದನ್ನು ಬಿಚ್ಚಿ, ಮೂಸಿ ನೋಡಿದ. "ಗಂಧ ಒಳೀಕೆ ಓಗ್ಬುಟ್ಟದೆ ಸಾ. ಇದ್ರಿಂದ ಏನೂ ಬರಕಿಲ್ಲ. ಬೇರೆ ಕಾಪಿ ಮಡಗಿದ್ದೀರಾ?"

"ಮೂರು ಕಡೆ ಇತ್ತಲ್ಲಪ್ಪ" ಎನ್ನುವಾಗಲೇ ಹೊಳೆಯಿತು. ನಾನು ನಕಲು ಮಾಡಿರಲಿಲ್ಲ. ಬಾಡಿಗೆಯವರಂತೆ ಫೋಟೊಗಳನ್ನು ಮನೆ ಬದಲಾಯಿಸುತ್ತಿದ್ದೆ, ಅಷ್ಟೇ. ಮೆಟ್ಟಿಲಿಳಿಯುವಾಗ ಅಳು ಬಂತು. ನೆಂಟರೆಲ್ಲ ಹೋಗಲಿ, ಅವ್ವನ ಆ ನಗು ಬೇಕಾಗಿತ್ತು.

ಗೋಡೆಯ ಮೇಲೆ ಅವ್ವ ಇದ್ದಾಳೆ, ನಿಜ. ಆದರೆ ತಿಥಿಗೆಂದು ನರಸೀಪುರದ ಸ್ಟುಡಿಯೊದವನು ಅದೇ ಚಿತ್ರದಿಂದ ಮುಖ ಕತ್ತರಿಸಿ, ತುಟಿಯ ಕೆಂಪು ಒರೆಸಿ, ಬಾಯಿ ಮುಚ್ಚಿಸಿ, ಅವಳೆಂದೂ ಉಡದ ಜರಿ ಸೀರೆ ಉಡಿಸಿ, ಬೇರೆ ಯಾರದೋ ಅವ್ವನನ್ನು ನಮಗೆ ಕೊಟ್ಟಿದ್ದ. ಮರುದಿನ ಬಸ್ಸು ಹತ್ತಿ ಅವನಲ್ಲಿಗೇ ಹೋಗಿ, ಮೂಲ ಚಿತ್ರ ಇದೆಯೇ ಎಂದು ಕೇಳಿದೆ.

"ಯಾವ್ದೂ ಅಳಿಸಿಲ್ಲ ಸಾ. ಅಳಿಸಕೆ ಪುರ್ಸೊತ್ತು ಎಲ್ಲದೆ?" ಎಂದು ಹುಡುಕತೊಡಗಿದ. ನನ್ನ ಶಿಸ್ತು ಕಳೆದದ್ದನ್ನು ಅವನ ಸೋಮಾರಿತನ ಉಳಿಸಿತ್ತು.

ಅವ್ವ ಪರದೆಯ ಮೇಲೆ ಬಂದಳು: ಮಾಸಿದ ಹತ್ತಿ ಸೀರೆ, ಕೆಂಪು ಬಾಯಿ, ಅದೇ ನಗು. ಯಾವಾಗಲೂ ಮುಖವನ್ನಷ್ಟೇ ಹಿಗ್ಗಿಸಿ ನೋಡುತ್ತಿದ್ದ ನಾನು ಚಿತ್ರದ ಮಿಕ್ಕ ಭಾಗವನ್ನು ಮರೆತೇ ಬಿಟ್ಟಿದ್ದೆ. ಅವಳು ಕ್ಯಾಮೆರಾ ನೋಡಿ ನಗುತ್ತಿಲ್ಲ. ಪಕ್ಕದಲ್ಲಿ ಕೂತ ನನಗೆ ಏನೋ ಹೇಳಿ ನಗುತ್ತಿದ್ದಾಳೆ. ನಾನು ತಲೆ ತಗ್ಗಿಸಿ ಫೋನು ನೋಡುತ್ತಿದ್ದೇನೆ. ಅವಳೇನು ಹೇಳಿದಳೋ ನೆನಪಿಲ್ಲ; ಕೇಳಿಸಿಕೊಂಡವನಂತೆಯೂ ಕಾಣುತ್ತಿಲ್ಲ.