ತೊಳೆಯದ ಸರ

ಅವಳ ಕುತ್ತಿಗೆಯನ್ನು ನಾನು ಕಂಡದ್ದೇ ಇಲ್ಲ. ಗದ್ದದ ಕೆಳಗಿನಿಂದ ಎದೆಯವರೆಗೆ ಕಪ್ಪು, ಹಳದಿ, ಕೆಂಪು ಮಣಿಸರಗಳು ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಯಾರಾದರೂ ಕರೆದರೆ ಕತ್ತಿನ ಬದಲು ಇಡೀ ಮೈಯನ್ನೇ ತಿರುಗಿಸುತ್ತಿದ್ದಳು. ಘಟ್ಟದ ಕೆಳಗಿನ ಹಾಲಕ್ಕಿ ಒಕ್ಕಲಿನವಳು. ಜೋಗದಲ್ಲಿ ಜಲಪಾತ ನೋಡಲು ಬಂದವರಿಗೆ ರಸ್ತೆಬದಿ ಚಾಪೆ ಹಾಸಿ ಮಣಿಸರ ಮಾರುತ್ತಿದ್ದಳು. ನಾವೆಲ್ಲ ಸರದಕ್ಕ ಎನ್ನುತ್ತಿದ್ದೆವು.

ತಿಂಗಳೊಳಗೆ ಬಿಡಿಸಿಕೊಡುತ್ತೇನೆಂದು ನನ್ನ ಕರಿಮಣಿ ಸರವನ್ನು ಅಡವಿಡಲು ಒಯ್ದ ಗಂಡ ತಿರುಗಿ ಬರಲಿಲ್ಲ. ಸರ ಹೊಸನಗರದಲ್ಲಿ ಬೇರೊಬ್ಬಳ ಕೊರಳಲ್ಲಿದೆ, ಅವನೂ ಅಲ್ಲೇ ಇದ್ದಾನೆ ಎಂದು ಆಮೇಲೆ ತಿಳಿಯಿತು. ಮೇಗರವಳ್ಳಿ ಬಿಟ್ಟು, ಮಗಳನ್ನು ಕಟ್ಟಿಕೊಂಡು ಜೋಗದ ಬಾಡಿಗೆ ಕೋಣೆಗೆ ಬಂದವಳು ಒಲೆ ಹಚ್ಚದೆ ಮಲಗಿಬಿಟ್ಟೆ. ಪಕ್ಕದ ಕೋಣೆಯ ಸರದಕ್ಕ ಗಂಜಿ ತಂದಳು. ಉಂಡಾದ ಮೇಲೆ ಮಣಿ ತುಂಬಿದ ತಟ್ಟೆಯನ್ನು ನನ್ನ ತೊಡೆ ಮೇಲಿಟ್ಟಳು.

"ಅಳೂದೆಂತಕ್ಕೆ ತಂಗಿ? ಬೈಯಿ. ಒಂದು ಮಣಿಗೆ ಒಂದು ಬೈಗಳ."

"ಯಾರಾದ್ರೂ ಕೇಳಿಸ್ಕಂಡ್ರೆ?"

"ಕೇಳ್ಲಿ. ಅವ್ರಿಗೂ ಕಲ್ತಂಗಾತು."

ಅದು ಅವಳ ಅವ್ವಿಯ ಕ್ರಮವಂತೆ. ಸಿಟ್ಟು ಹೊಟ್ಟೆಯಲ್ಲಿ ಕೂರಬಾರದು, ದಾರಕ್ಕೆ ಇಳಿಯಬೇಕು. ಅವನ ಕೈ ಸೇದಿಹೋಗಲಿ, ನಾಲಿಗೆ ಬಿದ್ದುಹೋಗಲಿ, ಉಂಡ ಅನ್ನ ದಕ್ಕದಿರಲಿ ಎನ್ನುತ್ತ ಪೋಣಿಸಿದೆ. ಹೇಳಿದ್ದನ್ನೇ ಹೇಳಿದರೆ ಅಕ್ಕ ತಡೆಯುತ್ತಿದ್ದಳು: "ಅದು ಆಗ್ಲೇ ಆತು, ಹೊಸದು ಹೇಳು." ಆ ಮಾತಿಗೇ ನಾನು ಮೊದಲ ಸಲ ನಕ್ಕಿದ್ದು.

ಮಾರುವ ಮುಂಚೆ ಮಾತ್ರ ಪ್ರತಿ ಸರವನ್ನೂ ಅರಿಶಿನದ ನೀರಿನಲ್ಲಿ ತೊಳೆಯಲೇಬೇಕು. "ಕೊಳ್ಳೋರು ಎಂತ ಪಾಪ ಮಾಡ್ಯಾರೆ?" ಎನ್ನುತ್ತಿದ್ದಳು. ಆ ಸರಗಳಿಂದಲೇ ನನ್ನ ಒಲೆ ಮತ್ತೆ ಹತ್ತಿತು, ಮಗಳು ಸಾಗರದಲ್ಲಿ ಕಾಲೇಜು ಓದಿದಳು.

ಒಂದು ಭಾನುವಾರ ಅವನು ಬಂದ. ಹೊಸ ಕಾರು, ಜೊತೆಗೆ ಆ ಹೆಣ್ಣು. "ಅವನೇ" ಎಂದು ಅಕ್ಕನಿಗೆ ಪಿಸುಗುಟ್ಟಿ, ಸೆರಗು ಎಳೆದುಕೊಂಡು ತಟ್ಟೆಗೆ ಬಗ್ಗಿದೆ. ಆ ಹೆಣ್ಣು ಕೆಂಪು ಸರವೊಂದನ್ನು ಆರಿಸಿ, ತನ್ನ ಕೊರಳಲ್ಲಿದ್ದ ನನ್ನ ಕರಿಮಣಿಯ ಪಕ್ಕ ಹಿಡಿದು ಚೆಂದ ನೋಡಿದಳು. ಸರದಕ್ಕ ದುಡ್ಡು ತೆಗೆದುಕೊಂಡಳು. ಆಮೇಲೆ, ನಾನು ಬೆಳಿಗ್ಗೆಯಷ್ಟೇ ಗಂಟು ಹಾಕಿದ್ದ, ಇನ್ನೂ ತೊಳೆಯದ ಸರವನ್ನೆತ್ತಿ ಅವನ ಕೈಗೆ ಕೊಟ್ಟಳು.

"ಇದು ನಿಮ್ಗೆ, ಒಡೆಯ. ಕಾರಿಗೆ ಕಟ್ಕಳಿ. ದುಡ್ಡು ಬ್ಯಾಡ."

"ಪುಕ್ಕಟೆ ಯಾಕೆ?"

"ನಿಮ್ಮ ಹೆಸ್ರು ಹೇಳ್ಕಂಡೇ ಪೋಣ್ಸಿದ್ದು."

ಅವನು ನಕ್ಕು ಅದನ್ನು ಕಾರಿನ ಕನ್ನಡಿಗೆ ಕಟ್ಟಿದ.

ಕಾರು ತಿರುವು ದಾಟಿದ ಮೇಲೆ ಕೇಳಿದೆ, "ಅವಳಿಗೂ ತೊಳೆಯದ್ದನ್ನೇ ಕೊಡಬಾರ್ದಿತ್ತಾ?"

"ಆ ಹೆಣ್ಣಿಗೆಂತಕ್ಕೆ? ಅದೂ ಒಂದಿನ ಪೋಣ್ಸೂಕೆ ಬತ್ತದೆ."

ಸರದಕ್ಕ ಹೋದ ಮಳೆಗಾಲದಲ್ಲಿ ತೀರಿಕೊಂಡಳು. ಚಾಪೆ ಈಗ ನನ್ನದು. ಮೊನ್ನೆ ಆ ಹೆಣ್ಣು ಬಸ್ಸಿಳಿದು ಬಂದು ಎದುರಿಗೆ ನಿಂತಳು. ಕೊರಳು ಬರಿದಾಗಿತ್ತು.

"ನೀವು ಯಾರಂತ ಆಮೇಲೆ ಗೊತ್ತಾತು ಅಕ್ಕಾ. ಅವ್ರು ಆ ಕರಿಮಣಿ ಸರಾನ ನನ್ನಿಂದ್ಲೂ ಬಿಚ್ಚಿಸ್ಕಂಡು ಹೋದ್ರು. ಕಾರೂ ಇಲ್ಲ, ಅವ್ರೂ ತಿರುಗಿ ಬರ್ಲಿಲ್ಲ."

ಅವಳಿಗೆಂದೇ ಕೂಡಿಟ್ಟಿದ್ದ ಮಾತೆಲ್ಲ ನಾಲಿಗೆಯ ತುದಿಗೆ ಬಂತು. ನುಂಗಿಕೊಂಡು, ತಟ್ಟೆಯನ್ನು ಅವಳತ್ತ ತಳ್ಳಿದೆ.

"ಕೂತ್ಕ," ಎಂದೆ. "ಹಳೇದೆಲ್ಲ ನಾನು ಬೈದಾಗಿದೆ. ನೀನು ಹೊಸದು ಹೇಳು."