ಮಿರಗದ ಹುಳ ಮತ್ತು ಬ್ಯಾಟರಿ ಕಾಕಾ

ಮೊನ್ನೆ ಅಮ್ಮನ ಕೆಮ್ಮಿಗೆ ಜ್ಯೇಷ್ಠಮಧು ತರಲು ಮುಂಬಯಿಯ ಗ್ರಾಂಟ್ ರೋಡಿನ ಗಿಡಮೂಲಿಕೆ ಅಂಗಡಿಗೆ ಹೋಗಿದ್ದೆ. ಕಪಾಟಿನಲ್ಲೊಂದು ಗಾಜಿನ ಭರಣಿ. ಅದರ ತುಂಬ ಮಖಮಲ್ಲಿನ ಚೂರುಗಳಂಥ ಒಣಗಿದ ಕೆಂಪು ಹುಳ. ನಾನು ಬಗ್ಗಿ ನೋಡಿದ್ದೇ ತಡ, ಅಂಗಡಿಯವನು ದನಿ ತಗ್ಗಿಸಿ "ಕಿಸ್ ಕೇ ಲಿಯೇ, ಭಾಯಿ?" ಎಂದ. ಯಾರಿಗೆ ಬೇಕು ಎಂಬ ಆ ಪಿಸುಮಾತಿಗೆ ನಮ್ಮ ಬ್ಯಾಟರಿ ಕಾಕಾ ನೆನಪಾದರು...

ಘಾಟ್ಕೋಪರಿನ ಚಾಳಿನಲ್ಲಿ ನಮ್ಮ ಪಕ್ಕದ ಖೋಲಿ ಅವರದು. ಬಾಗಲಕೋಟೆ ಕಡೆಯವರು. ಹಳೆಯ ಬ್ಯಾಟರಿ ಒಡೆದು ಸೀಸ ಕರಗಿಸುವ ಶೆಡ್ಡಿನಲ್ಲಿ ಕೆಲಸ. ನಾನು ಉಡುಪಿ ಹೋಟೆಲಿನವರ ಮಗ. ಓದು ಬಿಟ್ಟು ಚಾಳಿನವರನ್ನೆಲ್ಲ ಅಣಕಿಸುವುದೇ ನನ್ನ ಕಸುಬು. ನನ್ನ ಮುಖವನ್ನು ಮಾತ್ರ ಯಾರೂ ಅಣಕಿಸಲಿಲ್ಲ. ಅದು ಹುಟ್ಟಿನಿಂದಲೇ ಅಣಕದಂತಿತ್ತು. ಕಾಕಾ ಹೊಟ್ಟೆನೋವಿಗೆ ಸೊಂಟ ಹಿಡಿದು ಬಾಗಿ ನಡೆಯುವುದನ್ನು ಅವರೆದುರೇ ಮಾಡಿ ತೋರಿಸುತ್ತಿದ್ದೆ. ಸಿಟ್ಟಾಗುವ ಬದಲು ಅವರು ತಿದ್ದುತ್ತಿದ್ದರು: "ಇನ್ನಷ್ಟು ಬಾಗು, ಲೇ."

ಮದುವೆಯಾಗಿ ವರ್ಷಗಳಾದರೂ ಅವರಿಗೆ ಮಕ್ಕಳಿರಲಿಲ್ಲ. ನಲ್ಲಿಯ ಸಾಲಿನಲ್ಲಿ ಅವರ ಹೆಂಡತಿ ಕಾಕುಗೆ ಬಂಜೆ ಎಂಬ ಹೆಸರು. ಸೊಸೆಯನ್ನು ತವರಿಗೆ ಕಳಿಸಿ ಮಗನಿಗೆ ಇನ್ನೊಂದು ಹೆಣ್ಣು ತರುವೆನೆಂದು ಕಾಕಾನ ಅವ್ವ ಊರಿಂದ ಹೊರಟಿದ್ದರು. ಅಷ್ಟರಲ್ಲಿ ದವಾಖಾನೆಯ ಡಾಕ್ಟರು ರಕ್ತ, ವೀರ್ಯ ಎರಡನ್ನೂ ಪರೀಕ್ಷೆ ಮಾಡಿಸಿ, ದೋಷ ಕಾಕಾನಲ್ಲೇ ಇದೆ, ಮೈಗೆ ಸೇರಿದ ಸೀಸವೇ ಕಾರಣವಿರಬೇಕು, ಕೆಲಸ ಬಿಡು ಎಂದಿದ್ದರು.

ಇದನ್ನು ಅವ್ವನಿಗೆ ಹೇಳುವುದು ಹೇಗೆ? ಕಾಕಾ ನನ್ನನ್ನು ಒಳಗೆ ಕರೆದು, ನೀ ಅವ್ವ ಆಗು, ನಾ ಹೇಳಿ ನೋಡತೀನಿ ಎಂದರು. ಟವೆಲನ್ನೇ ಸೆರಗು ಮಾಡಿ ಹೊದ್ದು ಕೂತೆ. ಅವರ ಬಾಯಿಂದ ಮಾತೇ ಹೊರಡಲಿಲ್ಲ. "ಏನಪಾ, ನಾಲಿಗಿ ಶೆಡ್ಡಿನ್ಯಾಗ ಬಿಟ್ಟು ಬಂದೀ ಏನು?" ಎಂದು ಅವ್ವನ ದನಿಯಲ್ಲಿ ಗದರಿದೆ. ಒಲೆಯ ಹತ್ತಿರ ಕಾಕು ನಕ್ಕುಬಿಟ್ಟರು... ಅವರ ನಗು ಕೇಳಿ ಬಹಳ ದಿನವಾಗಿತ್ತು.

ಅವ್ವ ಬಂದವರೇ ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ಎಲ್ಲರೆದುರು ಸೊಸೆಯನ್ನು ಜರಿದರು. ಆಮೇಲೆ ಸದ್ದಿಲ್ಲದೆ ಒಂದು ಬೆಂಕಿಪೊಟ್ಟಣವನ್ನು ಮಗನ ಕೈಗೆ ತುರುಕಿದರು. ಒಳಗೆ ಮಿರಗದ ಹುಳ. ಮೃಗಶಿರಾ ಮಳೆಗೆ ಹೊಲದಲ್ಲಿ ಏಳುವ ಈ ಕೆಂಪು ಹುಳವನ್ನು ಎಣ್ಣೆಯಲ್ಲಿ ಕಾಯಿಸಿದರೆ ಗಂಡಸರ ಶಕ್ತಿಗೆ ಮದ್ದಂತೆ. ಕಾಕಾ ಪೊಟ್ಟಣ ತೆರೆದು ಎಲ್ಲರಿಗೂ ಕಾಣುವಂತೆ ಹಿಡಿದರು. ಟವೆಲಿನ ಅವ್ವನೆದುರು ಹೊರಡದ ಮಾತು ಈಗ ಹೊರಟಿತು.

"ಔಷಧ ನನಗ, ಕೆಟ್ಟ ಹೆಸರು ಆಕಿಗೇನವ್ವ? ದೋಷ ನಂದು. ಸೀಸ ನನ್ನ ಮೈಯಾಗ ಐತಿ. ಆಕಿ ಎಲ್ಲಿಗೂ ಹೋಗಂಗಿಲ್ಲ."

ಚಾಳಿನ ಮೀಸೆಗಳೆಲ್ಲ ನೆಲ ನೋಡಿದವು. ಅವ್ವ ಅಲ್ಲೇ ಕೂತು, "ಒಂದೀಟು ನೀರು ಕೊಡವಾ" ಎಂದು ಸೊಸೆಯನ್ನೇ ಕೇಳಿದರು.

ಕಾಕಾ ಸೀಸ ಬಿಟ್ಟು ನಮ್ಮ ಹೋಟೆಲಿನಲ್ಲಿ ಹಿಟ್ಟು ರುಬ್ಬಲು ನಿಂತರು. ಮಕ್ಕಳಾಗಲಿಲ್ಲ, ಹುಳವೂ ಏನೂ ಮಾಡಲಿಲ್ಲ. ಆದರೆ ನಲ್ಲಿಯ ಸಾಲಿನಲ್ಲಿ ಕಾಕು ತಲೆಯೆತ್ತಿ ನಿಂತರು. ಅಂಥವರು ನಮ್ಮ ಪಕ್ಕದ ಖೋಲಿಯವರು ಎನ್ನುವಾಗ ನನ್ನ ಬಡಕಲು ಎದೆಯೂ ಉಬ್ಬುತ್ತದೆ. ಹೋದ ಮಳೆಗಾಲದಲ್ಲಿ ಕಾಕಾ ತೀರಿಕೊಂಡರು...

ಅಂಗಡಿಯವನು ಇನ್ನೂ ಕಾಯುತ್ತಿದ್ದ. ಮದುವೆಯೇ ಆಗದ ನಾನು ಸೊಂಟ ಹಿಡಿದು, ಕಾಕಾನ ದನಿಯಲ್ಲಿ, ರಸ್ತೆಗೆ ಕೇಳುವಂತೆ "ನನಗಽ ಬೇಕ್ರಿ" ಎಂದೆ. ನಾಲ್ಕು ಜನ ತಿರುಗಿ ನೋಡಿದರು. ದನಿ ಸರಿಯಾಗಿಯೇ ಬಂದಿತ್ತು. ಇನ್ನಷ್ಟು ಬಾಗಬೇಕಿತ್ತೋ ಏನೋ... ತಿದ್ದಲು ಅವರಿಲ್ಲ.